ನಾರ್ವೆ ಮತ್ತು ನಮ್ಮನೆ ಜಗಲಿ

ಕಳೆದ ದೊಡ್ಡಹಬ್ಬಕ್ಕೆ ಊರಿಗೆ ಹೋಗಿದ್ದೆ. ದೀಪಾವಳಿಗೆ ನಮ್ಮ ಕಡೆ ದೊಡ್ಡಹಬ್ಬ ಅಂತಲೇ ಹೆಸರು. ಸಿದ್ದಾಪುರ ತಾಲೂಕಿನ ಒಂದು ಮೂಲೆ, ಐದು ಮನೆಯ ಕೇರಿ, ಕೆಳಗೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ. ಗೋಪೂಜೆ ಮುಗಿದು, ಹೋಳಿಗೆ ಊಟವೂ ಆಗಿ, ಎಲ್ಲರೂ ಜಗಲಿಯಲ್ಲಿ ಅಡ್ಡಾಗಿದ್ದ ಹೊತ್ತು. ನನ್ನ ಮೊಬೈಲಿನಿಂದ ಟೀವಿಗೆ ಕೊಟ್ಟು 'ಮಿಸೆಸ್ ಚಟರ್ಜಿ ವರ್ಸಸ್ ನಾರ್ವೆ' ಸಿನಿಮಾ ಹಾಕಿದೆ. ದೊಡ್ಡಮ್ಮನಿಗೆ ಹಿಂದಿ ಚೆನ್ನಾಗೇ ಅರ್ಥವಾಗುತ್ತದೆ. ಹದಿನೈದು ವರ್ಷ ಬಿಡದೆ ಹಿಂದಿ ಧಾರಾವಾಹಿ ನೋಡಿದ ಪುಣ್ಯ.

ಅಧಿಕಾರಿಗಳು ಮಕ್ಕಳನ್ನು ಕಾರಿಗೆ ಹಾಕಿಕೊಂಡು ಹೊರಟಾಗ ರಾಣಿ ಮುಖರ್ಜಿ ಹಿಂದೆ ಓಡುತ್ತಾಳಲ್ಲ, ಅಲ್ಲಿಗೆ ದೊಡ್ಡಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಅಯ್ಯೋ, ಹಾಲು ಕುಡಿಯ ಕೂಸನ್ನೂ ಎಳ್ಕಂಡು ಹೋದ್ವಲೇ! ಅವ್ಕೆ ಕರುಳು ಹೇಳದು ಇಲ್ಯನೇ?"

ಅದೇ ಹೊತ್ತಿಗೆ ಒಳಗಿನಿಂದ ಅತ್ತಿಗೆ ತನ್ನ ನಾಲ್ಕು ವರ್ಷದ ಮಗಳನ್ನು ಕರೆದು ಏನೋ ಹೇಳಿದಳು. ತನ್ನ ಭಾಷೆಯಲ್ಲಿ. ದೊಡ್ಡಮ್ಮನ ಕಣ್ಣು ಇನ್ನೂ ಆರಿರಲಿಲ್ಲ, ತಿರುಗಿ ಅಂದಳು: "ಕೂಸಿನ ಹತ್ರ ಆ ಭಾಷೆ ಆಡಡ ಹೇಳಿ ಎಷ್ಟು ಸಲ ಹೇಳವು? ಶಾಲೆಗೆ ಹೋಪಲೆ ಬಂತು. ನಮ್ಮ ಮಾತು ಬತ್ತಿಲ್ಲೆ ಅಂದ್ರೆ ಎಂತ ಮಾಡದು?"

ಅತ್ತಿಗೆ ಸುಮ್ಮನಾದಳು. ಜಗಲಿಯಲ್ಲಿದ್ದ ಏಳೆಂಟು ಜನ ಟೀವಿ ನೋಡುತ್ತಲೇ ಇದ್ದೆವು. ಅಲ್ಲಿ ಕೋರ್ಟಿನ ಸೀನು ಶುರುವಾಗಿತ್ತು. ನಾನೂ ಬಾಯಿ ಬಿಡಲಿಲ್ಲ. ಈ ಬರಹ ಆ ಸುಮ್ಮನಿದ್ದಿದ್ದಕ್ಕೆ.

ಮೊದಲು ಸಿನಿಮಾ ವಿಷಯ ಮುಗಿಸಿಬಿಡೋಣ. 2023ರಲ್ಲಿ ಬಂದದ್ದು, ಆಶಿಮಾ ಛಿಬ್ಬರ್ ನಿರ್ದೇಶನ. ಹಿಂದೆ ಒಂದು ನಿಜ ಪ್ರಕರಣವಿದೆ. 2011ರಲ್ಲಿ ನಾರ್ವೆಯ ಸ್ಟಾವಾಂಗರ್ ನಗರದಲ್ಲಿದ್ದ ಬಂಗಾಳಿ ದಂಪತಿಯ ಇಬ್ಬರು ಮಕ್ಕಳನ್ನು ಅಲ್ಲಿನ ಮಕ್ಕಳ ರಕ್ಷಣಾ ಇಲಾಖೆ ತೆಗೆದುಕೊಂಡು ಹೋಯಿತು. ಕೈಯಲ್ಲಿ ತುತ್ತು ತಿನ್ನಿಸಿದ್ದನ್ನೂ ಜೊತೆಗೇ ಮಲಗಿಸಿಕೊಂಡದ್ದನ್ನೂ ತಪ್ಪೆಂದರು ಅಂತ ತಂದೆ ತಾಯಿ ದೂರಿದರು. 2012ರಲ್ಲಿ ಮಕ್ಕಳು ಚಿಕ್ಕಪ್ಪನ ಸುಪರ್ದಿಗೆ ಭಾರತಕ್ಕೆ ಬಂದರು. ಕೋಲ್ಕತ್ತ ಹೈಕೋರ್ಟಿನ ಆದೇಶದ ಮೇಲೆ 2013ರಲ್ಲಿ ತಾಯಿಯ ಕೈ ಸೇರಿದರು. ಸಿನಿಮಾ ಬಂದಾಗ ಭಾರತದಲ್ಲಿದ್ದ ನಾರ್ವೆಯ ರಾಯಭಾರಿ ಪತ್ರಿಕೆಗೆ ಬರೆದು ಆಕ್ಷೇಪಿಸಿದರು. ಕೈಯಲ್ಲಿ ಉಣ್ಣಿಸುವುದು, ಜೊತೆಗೆ ಮಲಗಿಸುವುದು ಇಂಥವಕ್ಕೆಲ್ಲ ನಮ್ಮಲ್ಲಿ ಮಕ್ಕಳನ್ನು ಯಾರೂ ಒಯ್ಯುವುದಿಲ್ಲ ಎಂಬುದು ಅವರ ವಾದ.

ಯಾರದು ಎಷ್ಟು ಸರಿ ಎಂದು ಅಳೆಯುವುದು ನನ್ನ ಕೆಲಸವಲ್ಲ. ಸಿನಿಮಾವಾಗಿ ಅದರ ದೊಡ್ಡ ದೋಷ ನನಗೆ ಕಂಡಿದ್ದು ಬೇರೆ. ನಾರ್ವೆಯ ಅಧಿಕಾರಿಗಳನ್ನು ಅದು ಪೂರಾ ಖಳರನ್ನಾಗಿ ಮಾಡುತ್ತದೆ. ಮುಖದ ಮೇಲೆ ನಗು, ಹೊಟ್ಟೆಯೊಳಗೆ ವಿಷ. ಸಾಲದು ಎಂದು ದುಡ್ಡಿನ ದಂಧೆಯ ಸುಳಿವು ಬೇರೆ. ಹೀಗೆ ಮಾಡಿದರೆ ನೋಡುವವರಿಗೆ ಬಹಳ ಆರಾಮ. ಆ ಬಿಳಿ ಜನಕ್ಕೆ ನಾಲ್ಕು ಬೈದು, ತಾಯಿಗಾಗಿ ಎರಡು ಹನಿ ಹಾಕಿ ಎದ್ದುಬಿಡಬಹುದು. ಒಳ್ಳೆಯ ಮನಸ್ಸಿನವರೂ, ಮಗುವಿನ ಹಿತವನ್ನೇ ಬಯಸುವವರೂ ಒಬ್ಬ ತಾಯಿಯನ್ನು ಹೀಗೇ ಹಣಿಯಬಹುದು ಎಂಬ ಅನುಮಾನ ನಮ್ಮ ಹತ್ತಿರ ಸುಳಿಯುವುದಿಲ್ಲ.

ಆದರೆ ಸಿನಿಮಾದ ಮೊದಲ ಭಾಗದಲ್ಲಿ ಒಂದು ನಿಜವಾದ ಸಂಗತಿ ಇದೆ. ಮನೆಗೆ ಬಂದು ಕೂತು, ತಾಯಿ ಹೇಗೆ ಉಣ್ಣಿಸುತ್ತಾಳೆ, ಹೇಗೆ ಎತ್ತಿಕೊಳ್ಳುತ್ತಾಳೆ ಎಂದು ನೋಡಿ ಬರೆದುಕೊಳ್ಳುವ ಇಬ್ಬರು ಹೆಂಗಸರು. ನೋಡುವ ಕಣ್ಣಿದ್ದಾಗ ತಾಯಿಯ ಕೈ ನಡುಗುತ್ತದೆ, ಮಾತು ತಪ್ಪುತ್ತದೆ; ಆ ತಪ್ಪೂ ಪುಸ್ತಕಕ್ಕೆ ಹೋಗುತ್ತದೆ. ನಮ್ಮ ಜಗಲಿಯಲ್ಲಿ ಪುಸ್ತಕ ಇಲ್ಲ. ಎಲ್ಲರಿಗೂ ಎಲ್ಲವೂ ನೆನಪಿರುತ್ತದೆ, ಅಷ್ಟೆ.

ಅತ್ತಿಗೆ ಉತ್ತರ ಪ್ರದೇಶದ ಗೋರಖಪುರದ ಕಡೆಯವಳು. ದೊಡ್ಡಪ್ಪನ ಮಗ ಅಣ್ಣನನ್ನು ಮದುವೆಯಾಗಿ ಆರು ವರ್ಷ ಆಯಿತು. ವಯಸ್ಸಿನಲ್ಲಿ ನನಗಿಂತ ಏಳು ವರ್ಷ ಚಿಕ್ಕವಳು, ಸಂಬಂಧದಲ್ಲಿ ಅತ್ತಿಗೆ. ಎರಡು ರಾತ್ರಿ ರೈಲಿನಲ್ಲಿ ಕೂತು ಬಂದಳು. ಬಂದ ಕಾರಣ ನಿಮಗೆ ಗೊತ್ತಿರುವುದೇ: ಊರಲ್ಲಿ ಅಣ್ಣನಿಗೆ ಹೆಣ್ಣು ಸಿಗಲಿಲ್ಲ. ಅಡಿಕೆಗೆ ಒಳ್ಳೆ ರೇಟಿತ್ತು, ಮನೆಯಲ್ಲಿ ವಾಷಿಂಗ್ ಮಷಿನ್ ಇತ್ತು, ಬಾಗಿಲವರೆಗೆ ಕಾರು ಬರುತ್ತಿತ್ತು. ಹುಡುಗಿ ಮಾತ್ರ ಇರಲಿಲ್ಲ.

ಯಾಕೆ ಇರಲಿಲ್ಲ ಎಂದು ಕೇಳಿದರೆ ಕೈ ಎತ್ತಬೇಕಾದವರಲ್ಲಿ ನಾನೂ ಒಬ್ಬಳು. ತೋಟದ ಮನೆಯ ಮೂರು ಜಾತಕ ನಾನೇ ಬೇಡ ಅಂದಿದ್ದೆ. ಶಿರಸಿಯಲ್ಲಿ ಪಿಯುಸಿ, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್, ಆಮೇಲೆ ಬೆಂಗಳೂರು. ನನ್ನ ಜೊತೆ ಓದಿದ ಹುಡುಗಿಯರೆಲ್ಲ ಅದೇ ದಾರಿ ಹಿಡಿದರು. ಅದಕ್ಕೆ ನನಗೆ ಪಶ್ಚಾತ್ತಾಪವೇನೂ ಇಲ್ಲ. ಹೆಣ್ಣುಮಕ್ಕಳು ಓದಿ ಹೊರಟಿದ್ದನ್ನು ಊರಿನ ಕೇಡು ಅಂತ ಭಾಷಣ ಮಾಡುವವರ ಸಾಲಿನಲ್ಲಿ ನಾನು ಕೂರುವುದಿಲ್ಲ. ಆದರೆ ನಾನು ಬಿಟ್ಟು ಬಂದ ಜಾಗಕ್ಕೇ ಇನ್ನೊಬ್ಬಳು ಬಂದಿದ್ದಾಳೆ, ನಾನು ಒಲ್ಲೆ ಎಂದ ಕೆಲಸಗಳನ್ನೇ ಮಾಡುತ್ತಿದ್ದಾಳೆ. ಅವಳ ಬಗ್ಗೆ ನನಗೊಂದು ಋಣವಿದೆ ಅನ್ನುವುದನ್ನಾದರೂ ಒಪ್ಪಬೇಕಲ್ಲ?

ಇದು ಹವ್ಯಕರೊಬ್ಬರ ಕತೆಯೂ ಅಲ್ಲ. 2021ರಲ್ಲಿ ರಾಜ್ಯದ ಬ್ರಾಹ್ಮಣ ಅಭಿವೃದ್ಧಿ ಮಂಡಳಿ, ಪುರೋಹಿತರನ್ನು ಮದುವೆಯಾಗುವ ಹುಡುಗಿಯರಿಗೆ 3 ಲಕ್ಷ ರೂಪಾಯಿಯ ಬಾಂಡ್ ಕೊಡುವ 'ಮೈತ್ರೇಯಿ' ಯೋಜನೆ ತಂದಿತು. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಮದುವೆಯಾಗದ ರೈತ ಯುವಕರು ಹೆಣ್ಣು ಸಿಗಲಿ ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಹರಿಯಾಣದಲ್ಲಿ ಹೆಣ್ಣುಭ್ರೂಣ ಹತ್ಯೆಯಿಂದ ಹುಡುಗಿಯರೇ ಕಡಿಮೆಯಾಗಿ, ದೂರದ ರಾಜ್ಯಗಳಿಂದ ತಂದ ಸೊಸೆಯರನ್ನು 'ಪಾರೋ', 'ಮೋಲ್ಕಿ' ಅಂತ ಕರೆಯುತ್ತಾರೆ. ಮೋಲ್ಕಿ ಅಂದ್ರೆ ಬೆಲೆ ಕೊಟ್ಟು ತಂದವಳು. ನಮ್ಮ ಕಡೆ ಅಂಥ ಹೆಸರಿಲ್ಲ. ಮಂತ್ರ, ಧಾರೆ, ಮಂಗಲಪತ್ರ ಎಲ್ಲ ಸರಿಯಾಗೇ ಆಗುತ್ತದೆ. ಮದುವೆಯ ಬಗ್ಗೆ ನಾವು ಸಾಕಷ್ಟು ಮಾತಾಡಿದ್ದೇವೆ. ಹುಟ್ಟುವ ಮಕ್ಕಳ ಬಗ್ಗೆ ಯಾರೂ ಮಾತಾಡಿಲ್ಲ.

ಅತ್ತಿಗೆ ಈ ಆರು ವರ್ಷದಲ್ಲಿ ಕಲಿತದ್ದನ್ನು ಪಟ್ಟಿ ಮಾಡಿದರೆ ನನ್ನ ರೆಸ್ಯೂಮೆಗಿಂತ ಉದ್ದವಾಗುತ್ತದೆ. ತಂಬುಳಿ, ಅಪ್ಪೆಹುಳಿ, ತೆಳ್ಳೇವು. ಮಡಿ ಮೈಲಿಗೆಯ ಲೆಕ್ಕ. ಚಾಲಿ ಯಾವುದು, ಕೆಂಪಡಿಕೆ ಯಾವುದು. ಉಂಬಳ ಹತ್ತಿದರೆ ಹೇಗೆ ಬಿಡಿಸುವುದು. ಬಂದವರಿಗೆ ಮೊದಲು "ಆಸ್ರಿಗೆ ಎಂತ ಬೇಕು" ಅಂತ ಕೇಳುವುದು. ಮತ್ತೆ ಆ ಭಾಷೆ, ಅದೂ ಪುಸ್ತಕದ ಕನ್ನಡ ಅಲ್ಲ, ನಮ್ಮ ಮನೆಮಾತು. ಅವಳು ಬಂದದ್ದು ಕುರ್ಚಿಗೂ ರೊಟ್ಟಿಗೂ ಲಿಂಗ ನೋಡುವ ಹಿಂದಿಯ ನಾಡಿನಿಂದ. ಬಂದು ಸೇರಿದ್ದು ಹೆಂಗಸನ್ನೂ 'ಅದು' ಎನ್ನುವ ಮನೆಗೆ. "ಅತ್ತಿಗೆ ಬಂತು, ಅತ್ತಿಗೆ ಹೋತು" ಎಂದು ನಾವು ಅವಳೆದುರಿಗೇ ಹೇಳುವಾಗ ಮೊದಮೊದಲು ಅವಳು ಬಾಗಿಲ ಕಡೆ ನೋಡುತ್ತಿದ್ದಳಂತೆ, ದನವೇನಾದರೂ ಬಂತೇ ಅಂತ. ಇದನ್ನು ಅವಳೇ ಹೇಳಿ ನಗುತ್ತಾಳೆ. ನಾನೂ ನಕ್ಕಿದ್ದೆ. ಆಮೇಲೆ ಅಷ್ಟು ನಗು ಬರಲಿಲ್ಲ.

ಇಷ್ಟೆಲ್ಲ ಕಲಿತವಳಿಂದ ಮನೆಯವರು ಏನು ಕಲಿತರು ಎಂದು ಯೋಚಿಸಿ ನೋಡಿದೆ. ಅಣ್ಣನಿಗೆ ನಾಲ್ಕು ಮಾತು ಹಿಂದಿ ಬಂದಿದೆ. ವಾರಕ್ಕೊಂದು ದಿನ ರೊಟ್ಟಿ ಆಗುತ್ತದೆ. ಅಲ್ಲಿಗೆ ಪಟ್ಟಿ ಮುಗಿಯಿತು. ಅವಳ ತವರಿನ ಹಬ್ಬ ಯಾವುದು, ಅವರಮ್ಮ ಏನೆಂದು ಕರೆಯುತ್ತಾರೆ, ಬಾಣಂತನದಲ್ಲಿ ಅವರ ಕಡೆ ಏನು ಕೊಡುತ್ತಾರೆ, ಇದನ್ನು ಯಾರಾದರೂ ಕೇಳಿದ್ದಾರಾ? ಕೇಳಲು ಯಾರಿಗೂ ದ್ವೇಷವಿಲ್ಲ. ಕೇಳಬೇಕು ಅಂತಲೇ ಹೊಳೆದಿಲ್ಲ.

ಆ ದಿನ ರಾತ್ರಿ ಹಾಲು ಕರೆಯುವಾಗ ನಾನೂ ಅತ್ತಿಗೆಯ ಜೊತೆ ಕೊಟ್ಟಿಗೆಗೆ ಹೋದೆ. ಹಿಂದೆಯೇ ಮಗಳು ಓಡಿಬಂದಳು. ಕೊಟ್ಟಿಗೆಯ ಬಾಗಿಲು ದಾಟಿದ್ದೇ ತಡ, ಅಮ್ಮ ಮಗಳ ಭಾಷೆ ಬದಲಾಯಿತು! "ಏ ಬಬುನಿ" ಎಂದು ಶುರುವಾದ ಮಾತು ನಿಲ್ಲಲೇ ಇಲ್ಲ. ಮಗು ಕರುವಿನ ಕಿವಿ ಹಿಡಿದುಕೊಂಡು ಅಷ್ಟೇ ಸಲೀಸಾಗಿ ಉತ್ತರ ಕೊಡುತ್ತಿತ್ತು. ಜಗಲಿಯಲ್ಲಿ ಎರಡು ಶಬ್ದಕ್ಕೆ ಹೆಚ್ಚು ಆಡದ ಮಗು! ಅತ್ತಿಗೆ ತವರಿಗೆ ಫೋನ್ ಮಾಡುವುದೂ ಅಲ್ಲಿಂದಲೇ. "ಒಳಗೆ ಮಾತಾಡಿದ್ರೆ ಎಲ್ಲರಿಗೂ ಕಿರಿಕಿರಿ ಅಲ್ದ" ಅಂದಳು, ದೂರಿನ ಧ್ವನಿಯೇ ಇಲ್ಲದೆ. ಮಗು ನನಗೆ ವಿವರಿಸಿತು: ಇದು ಕೊಟ್ಟಿಗೆ ಮಾತು, ಒಳಗೆ ಆಡುವುದು ಮನೆ ಮಾತು.

ಅದನ್ನು ಕೇಳಿದ ಮೇಲೆ ಆ ಸಿನಿಮಾ ಬೇರೆಯೇ ಥರ ಕಾಣತೊಡಗಿತು. ನಾರ್ವೆಯವರು ಮಕ್ಕಳನ್ನು ತಾಯಿಯಿಂದ ತೆಗೆದುಕೊಂಡು ಹೋದರು. ನಾವು ಮಗುವನ್ನು ತಾಯಿಯ ಮಡಿಲಲ್ಲೇ ಬಿಟ್ಟಿದ್ದೇವೆ. ಆ ಮಡಿಲಿನ ಅರ್ಧ ದನದ ಕೊಟ್ಟಿಗೆಯಲ್ಲಿರಬೇಕು ಅಂತ ಯಾರೂ ಬರೆಯದ ಆದೇಶವೊಂದನ್ನು ಹೊರಡಿಸಿದ್ದೇವೆ. ನಾಲ್ಕು ವರ್ಷದ ಮಗುವಿಗೆ ಅರ್ಥವಾಗಿರುವುದು ಇಷ್ಟು: ಅಮ್ಮನ ಮಾತು ಜಗಲಿಗೆ ತರುವಂಥದ್ದಲ್ಲ. ಹತ್ತು ವರ್ಷ ಆದಮೇಲೆ ಇದು, ಅಮ್ಮನೇ ಜಗಲಿಗೆ ಬರುವಂಥವಳಲ್ಲ ಎಂದಾಗುವುದಕ್ಕೆ ಬಹಳ ಹೊತ್ತು ಬೇಡ.

ಈಗ ನಮ್ಮ ಕಡೆಗೆ, ಅಂದ್ರೆ ಇದನ್ನು ಓದುತ್ತಿರುವ ನಿಮ್ಮ ನನ್ನ ಕಡೆಗೆ ತಿರುಗೋಣ. ಕ್ಯಾಲಿಫೋರ್ನಿಯಾದಲ್ಲಿ 'ಕನ್ನಡ ಕಲಿ' ತರಗತಿ ನಡೆಯುತ್ತದೆ, ದುಬೈಯಲ್ಲಿ ಕನ್ನಡ ಪಾಠಶಾಲೆ ಇದೆ. ರಜೆಯ ದಿನ ಮಕ್ಕಳನ್ನು ಕರೆತಂದು ಅಆಇಈ ತಿದ್ದಿಸುವ ಅಪ್ಪ ಅಮ್ಮಂದಿರ ಶ್ರಮಕ್ಕೆ ನನ್ನ ಪೂರ್ತಿ ಗೌರವವಿದೆ. ಅಲ್ಲಿನ ಮಗು ತಪ್ಪು ತಪ್ಪು ಕನ್ನಡದಲ್ಲಿ ಒಂದು ಹಾಡು ಹೇಳಿದ ವಿಡಿಯೋ ಬಂದರೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಚಪ್ಪಾಳೆಯ ಮಳೆ. "ಅಮೆರಿಕದಲ್ಲಿದ್ದರೂ ಭಾಷೆ ಬಿಡಲಿಲ್ಲ ನೋಡಿ!" ಇಂಗ್ಲಿಷಿನ ಕಡಲಿನಲ್ಲಿ ಅಮ್ಮನ ಭಾಷೆ ಉಳಿಸಿಕೊಂಡ ಮಗು ನಮಗೆ ಹೆಮ್ಮೆ. ಕನ್ನಡದ ಊರಲ್ಲಿ ಅಮ್ಮನ ಭಾಷೆ ಉಳಿಸಿಕೊಂಡ ಮಗು ನಮಗೆ ಸಮಸ್ಯೆ. ಒಂದೇ ಗುಂಪು, ಅದೇ ಜನ. ಎರಡೂ ಕಡೆ ತಾಯಿ ಮಾಡುತ್ತಿರುವುದು ಒಂದೇ ಕೆಲಸ.

ನನ್ನ ಮನೆಯ ಕತೆ ಇನ್ನೂ ಚಂದ. ನನ್ನ ಮಗಳಿಗೆ ಆರು ವರ್ಷ. ಅವಳು ಇಂಗ್ಲಿಷಿನಲ್ಲಿ ಕನಸು ಕಾಣುತ್ತಾಳೆ, ಸೆಕ್ಯುರಿಟಿ ಅಂಕಲ್ ಜೊತೆ ಹಿಂದಿ ಆಡುತ್ತಾಳೆ, ಅಜ್ಜಿಯ ಜೊತೆ ಅರೆಬರೆ ಕನ್ನಡ. ಊರಿಗೆ ಹೋದಾಗ ಅವಳ ಇಂಗ್ಲಿಷಿಗೆ ದೊಡ್ಡಮ್ಮ ಎಂದೂ "ಆಡಡ" ಅಂದಿಲ್ಲ. "ಎಷ್ಟು ಚಂದ ಮಾತಾಡ್ತು" ಅಂತ ಪಕ್ಕದ ಮನೆಯವರಿಗೂ ಕರೆದು ತೋರಿಸುತ್ತಾಳೆ. ಅಂದರೆ ಬೇರೆ ಭಾಷೆ ಅಂತ ಭಯವಲ್ಲ ನಮಗೆ. ಯಾವ ಭಾಷೆಯ ಹಿಂದೆ ಸಂಬಳ ಇದೆಯೋ ಅದಕ್ಕೆ ಜಗಲಿ, ಯಾವುದರ ಹಿಂದೆ ಬಡ ತವರು ಇದೆಯೋ ಅದಕ್ಕೆ ಕೊಟ್ಟಿಗೆ.

ಎರಡು ಭಾಷೆಯಾದರೆ ಮಗುವಿನ ತಲೆ ಗೋಜಲಾಗುತ್ತದೆ ಎಂಬ ಮಾತು ಡಾಕ್ಟರರ ಬಾಯಲ್ಲೂ ಕೇಳಿದ್ದೇನೆ. ಭಾಷಾವಿಜ್ಞಾನಿಗಳು ಅದನ್ನು ಯಾವತ್ತೋ ಕೈಬಿಟ್ಟಿದ್ದಾರೆ. ಮಕ್ಕಳು ಮೊದಮೊದಲು ಎರಡನ್ನೂ ಬೆರೆಸುತ್ತಾರೆ, ಅದು ರೋಗವಲ್ಲ. ಯಾರ ಹತ್ತಿರ ಯಾವುದು ಎಂಬುದನ್ನು ಬೇಗನೇ ಬೇರೆ ಮಾಡಿಕೊಳ್ಳುತ್ತಾರೆ. ಕೊಟ್ಟಿಗೆ ಮಾತು, ಮನೆ ಮಾತು ಎಂದ ನಮ್ಮ ಕೂಸೇ ಅದಕ್ಕೆ ಸಾಕ್ಷಿ. ಭಯಪಡಬೇಕಾದದ್ದು ಬೇರೆಯದಕ್ಕೆ. ಅಮೆರಿಕದಲ್ಲಿ ಲಿಲಿ ವಾಂಗ್ ಫಿಲ್ಮೋರ್ ಎಂಬ ವಿದ್ವಾಂಸೆ 1991ರಲ್ಲಿ ವಲಸಿಗರ ಮನೆಗಳ ಬಗ್ಗೆ ಬರೆದರು. ತೀರ ಚಿಕ್ಕ ವಯಸ್ಸಿಗೇ ಇಂಗ್ಲಿಷ್ ಶಾಲೆಗೆ ಹೋದ ಮಕ್ಕಳು ಮನೆಮಾತು ಕಳೆದುಕೊಂಡಾಗ, ಹೆತ್ತವರ ಜೊತೆ ಮನಸ್ಸು ಬಿಚ್ಚಿ ಮಾತಾಡುವ ದಾರಿಯೇ ಮುಚ್ಚಿಹೋಗುತ್ತದೆ ಎಂದರು. ಬುದ್ಧಿ ಹೇಳುವುದು, ಸಮಾಧಾನ ಮಾಡುವುದು, ತನ್ನ ಬಾಲ್ಯದ ಕತೆ ಹೇಳುವುದು, ಇವನ್ನೆಲ್ಲ ಕಲಿತ ಭಾಷೆಯಲ್ಲಿ ಎಷ್ಟು ಮಾಡಲಾದೀತು? ಹದಿನಾರು ವರ್ಷದ ಮಗಳು ಬಾಗಿಲು ಹಾಕಿಕೊಂಡು ಅತ್ತಾಗ ಅತ್ತಿಗೆ ಯಾವ ಭಾಷೆಯಲ್ಲಿ ಬಾಗಿಲು ತಟ್ಟಬೇಕು?

'ತಾಯ್ನುಡಿ' ಎಂಬ ಶಬ್ದಕ್ಕೆ ನಾವು ಎಷ್ಟು ಹೋರಾಟ ಮಾಡಿದ್ದೇವೆ. ಕೋರ್ಟಿಗೂ ಹೋದೆವು. ಶಾಲೆಯ ಮಾಧ್ಯಮದ ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ ತಿಂಗಳಲ್ಲಿ ಹೇಳಿತು: ಮಗುವಿನ ಮಾತೃಭಾಷೆ ಯಾವುದೆಂದು ತೀರ್ಮಾನಿಸುವವರು ಹೆತ್ತವರು, ಸರಕಾರ ಅಲ್ಲ. ಕನ್ನಡದ ಮನಸ್ಸುಗಳು ನೊಂದುಕೊಂಡ ತೀರ್ಪು ಅದು; ನನಗೂ ಬೇಜಾರಾಗಿತ್ತು. ಆದರೆ ಈಗ ಆ ಸಾಲನ್ನು ನಮ್ಮ ಮನೆಯಲ್ಲಿಟ್ಟು ನೋಡಿ. ಹೆತ್ತವರು ಅಂದ್ರೆ ಅತ್ತಿಗೆಯೂ ಅಲ್ಲವೇ? ಅವಳನ್ನು ಯಾರಾದರೂ ಕೇಳಿದರೇ? ಕನ್ನಡದ ತಾಯಿ ಭುವನೇಶ್ವರಿ ಕೂತಿರುವುದು ನಮ್ಮ ಸಿದ್ದಾಪುರ ತಾಲೂಕಿನ ಭುವನಗಿರಿಯಲ್ಲೇ. ಆ ಗುಡ್ಡದ ನೆರಳಿನಲ್ಲೇ ಒಬ್ಬ ತಾಯಿಯ ನುಡಿಗೆ ಜಾಗವಿಲ್ಲ ಅಂದ್ರೆ ತಾಯ್ನುಡಿ ಎಂಬ ಶಬ್ದದಲ್ಲಿ ಮೊದಲ ಅರ್ಧವನ್ನು ನಾವು ಸುಮ್ಮನೆ ಅಲಂಕಾರಕ್ಕೆ ಇಟ್ಟುಕೊಂಡಿದ್ದೇವೆ.

ಎರಡು ನುಡಿಯ ಮನೆಯಲ್ಲಿ ಬೆಳೆದ ಮಗು ಕನ್ನಡಕ್ಕೆ ದಕ್ಕುವುದಿಲ್ಲ ಅನ್ನುವವರಿಗೆ ಶಿರಸಿಯದೇ ಉದಾಹರಣೆ ಕೊಡಬಹುದು. ಗಿರೀಶ ಕಾರ್ನಾಡರ ಬಾಲ್ಯ ಕಳೆದದ್ದು ಶಿರಸಿಯಲ್ಲಿ. ತಂದೆ ಅಲ್ಲಿ ಡಾಕ್ಟರು. ಮನೆಯೊಳಗೆ ಕೊಂಕಣಿ, ಹೊರಗೆ ಕನ್ನಡ, ರಾತ್ರಿಯಾದರೆ ಯಕ್ಷಗಾನ, ಆಗಾಗ ಕಂಪನಿ ನಾಟಕ. 2011ರಲ್ಲಿ ಬಂದ ಅವರ ಆತ್ಮಕತೆ 'ಆಡಾಡತ ಆಯುಷ್ಯ' ಓದಿದರೆ ಆ ಊರು ಅವರೊಳಗೆ ಎಷ್ಟು ಇಳಿದಿತ್ತು ಎಂದು ಗೊತ್ತಾಗುತ್ತದೆ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠಗಳಲ್ಲಿ ಮೂರು, ಮನೆಯಲ್ಲಿ ಬೇರೆ ಭಾಷೆ ಕೇಳಿ ಬೆಳೆದವರದು. ಆ ಮೂರೂ ಮನೆಗಳಲ್ಲಿ ಅಮ್ಮನ ಮಾತು ಒಳಮನೆಯಲ್ಲೇ ಇತ್ತು.

ಅಡಿಕೆ ತೋಟದ ಮನೆಗಳಿಗೆ ಇದು ಹೊಸತಾಗಿ ಕಾಣುತ್ತಿರಬಹುದು. ನಮ್ಮ ಸೀಮೆಗೆ ಹೊಸತಲ್ಲ. ಸಿದ್ದಾಪುರದಿಂದ ಶಿರಸಿ ದಾಟಿ ಯಲ್ಲಾಪುರದ ಕಾಡಿನ ಕಡೆಗೆ ಹೋಗಿ. ಅಲ್ಲಿ ಸಿದ್ದಿಗಳ ಮನೆಯಲ್ಲಿ ಕೊಂಕಣಿಯನ್ನು ಹೋಲುವ ಮಾತು, ಗೌಳಿಗಳ ದೊಡ್ಡಿಯಲ್ಲಿ ಮರಾಠಿ ಬೆರೆತ ಮಾತು. ಆ ಮಕ್ಕಳು ತಲೆಮಾರುಗಳಿಂದ ಅಂಗನವಾಡಿಯ ಹೊಸ್ತಿಲಲ್ಲಿ ಒಂದು ಸಂಸ್ಕೃತಿಯನ್ನು ಬಿಟ್ಟು ಇನ್ನೊಂದಕ್ಕೆ ಕಾಲಿಡುತ್ತಿದ್ದಾರೆ. ನಾವು ಅದನ್ನು 'ಬಹುಸಂಸ್ಕೃತಿಯಲ್ಲಿ ಮಕ್ಕಳ ಪಾಲನೆ' ಅಂತ ಕರೆಯಲಿಲ್ಲ. "ಶಾಲೆ ಬಿಡುವ ಮಕ್ಕಳು" ಅಂತ ಕರೆದೆವು. ನಮ್ಮ ತೋಟಗಳಲ್ಲಿ ದುಡಿದ ಸಿದ್ದಿಗಳ ಮಾತಿನಲ್ಲಿ ನೀರಿಗೆ ಏನನ್ನುತ್ತಾರೆ ಎಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅವರಿಗೆ ನಮ್ಮ ಮಾತು ಪೂರ್ತಿ ಬರುತ್ತದೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟಗಾರರನ್ನಾಗಿ ಮಾಡಲು ದೂರದ ಹಾಸ್ಟೆಲುಗಳಿಗೆ ಒಯ್ದಿತು. 1993ರಲ್ಲಿ ಆ ಯೋಜನೆಯೇ ನಿಂತುಹೋಯಿತು. ಅಷ್ಟರಲ್ಲಿ ಮಕ್ಕಳು ಒಮ್ಮೆ ಆ ಕಡೆ ದಾಟಿ, ಮತ್ತೆ ಈ ಕಡೆ ದಾಟಬೇಕಾಯಿತು. ಯಾವಾಗಲೂ ದಾಟಬೇಕಾದವರು ಚಿಕ್ಕವರೇ, ಬಡವರೇ, ಸೊಸೆಯರೇ. ದೊಡ್ಡಮನೆ ಇದ್ದಲ್ಲೇ ಇರುತ್ತದೆ.

ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ 1980ರ ದಶಕದಲ್ಲಿ ನೀನಾಸಂನ ಚಿದಂಬರರಾವ್ ಜಂಬೆ ಸಿದ್ದಿಗಳನ್ನೇ ಕಟ್ಟಿಕೊಂಡು ಚಿನುವಾ ಅಚೆಬೆಯ 'ಥಿಂಗ್ಸ್ ಫಾಲ್ ಅಪಾರ್ಟ್' ಕಾದಂಬರಿಯನ್ನು ರಂಗಕ್ಕೆ ತಂದರು. ನಾಟಕ ನಾನು ಹುಟ್ಟುವ ಮುಂಚಿನದು, ಕಾದಂಬರಿ ಓದಿದ್ದೇನೆ. ಅದರಲ್ಲಿ ಇಕೆಮೆಫುನ ಎಂಬ ಹುಡುಗ ಬರುತ್ತಾನೆ. ಬೇರೆ ಊರಿನವರು ಮಾಡಿದ ಕೊಲೆಗೆ ಪರಿಹಾರವಾಗಿ ಬಂದ ಹುಡುಗ, ಒಕೊಂಕ್ವೊನ ಮನೆಯಲ್ಲಿ ಮೂರು ವರ್ಷ ಬೆಳೆಯುತ್ತಾನೆ. ತನ್ನೂರಿನ ಕತೆ ಹೇಳುತ್ತಾನೆ, ಮನೆಯ ಮಗನಿಗೆ ಅಣ್ಣನಾಗುತ್ತಾನೆ, ಯಜಮಾನನನ್ನು ಅಪ್ಪ ಎನ್ನುತ್ತಾನೆ. ಒಕೊಂಕ್ವೊಗೂ ಅವನ ಮೇಲೆ ಪ್ರೀತಿಯೇ. ಆದರೂ ಊರು ತೀರ್ಮಾನ ಮಾಡಿದ ದಿನ, ಜನ ನನ್ನನ್ನು ದುರ್ಬಲ ಅಂದುಕೊಂಡಾರು ಎಂಬ ಒಂದೇ ಹೆದರಿಕೆಗೆ ಮಚ್ಚು ಬೀಸುತ್ತಾನೆ. ನಮ್ಮ ಜಗಲಿಯಲ್ಲಿ ಮಚ್ಚು ಇಲ್ಲ, ನಿಜ. ಆದರೆ ಆ ಹೆದರಿಕೆ ಇದೆ. ದೊಡ್ಡಮ್ಮನಿಗೆ ಮೊಮ್ಮಗಳ ಮೇಲೆ ಪ್ರಾಣ. ಸೊಸೆಯ ಮೇಲೂ ಸಿಟ್ಟಿಲ್ಲ. "ಹೊರಗಿನದನ್ನ ತಂದ್ವಡ, ಕೂಸಿಗೆ ನಮ್ಮ ಭಾಷೆಯೂ ಇಲ್ಲೆ" ಎಂದು ಪಕ್ಕದ ಮನೆಯ ಜಗಲಿ ಅಂದೀತು ಎನ್ನುವುದೇ ಅವಳ ಹೆದರಿಕೆ. 'ಮಿಸೆಸ್ ಚಟರ್ಜಿ'ಗೆ ಸಿಗದೇ ಹೋದದ್ದನ್ನು ಅಚೆಬೆ ಹಿಡಿದಿದ್ದಾನೆ: ಪ್ರೀತಿಸುವವರ ಕೈಯಿಂದಲೇ ಆಗುವ ಹಾನಿ.

ದೊಡ್ಡಮ್ಮನ ಪರವಾಗಿಯೂ ಒಂದು ಮಾತು ಹೇಳದಿದ್ದರೆ ಅನ್ಯಾಯ. ಅವಳ ಭಯ ಪೂರ್ತಿ ಸುಳ್ಳಲ್ಲ. ನಮ್ಮ ಕೇರಿಯ ಐದು ಮನೆಗಳಲ್ಲಿ ಎರಡಕ್ಕೆ ಬೀಗ ಬಿದ್ದಿದೆ. ಉಳಿದ ಮೂರರಲ್ಲಿ ಇರುವುದು ಇದೊಂದೇ ಮಗು. ತೊಟ್ಟಿಲ ಶಾಸ್ತ್ರದ ಹಾಡು, ಬೂರೆ ಹಬ್ಬದ ಹಾಡು ದೊಡ್ಡಮ್ಮನಿಗೆ ನೂರಾರು ಬರುತ್ತವೆ. ಕಲಿಯುವವರು ಯಾರೂ ಇಲ್ಲ. ನಾನೇ ಕಲಿಯಲಿಲ್ಲ. ಇನ್ನು ಹಿಂದಿ ಅಂದ್ರೆ ಬ್ಯಾಂಕಿನಲ್ಲಿ, ರೈಲಿನಲ್ಲಿ ನಮ್ಮ ತಲೆಯ ಮೇಲೆ ಬಂದು ಕೂರುವ ಭಾಷೆ. ಬೆಂಗಳೂರಲ್ಲಿ ಅದರ ವಿರುದ್ಧ ನಾನೂ ಜಗಳ ಆಡಿದ್ದೇನೆ, ಮುಂದೂ ಆಡುತ್ತೇನೆ.

ಆದರೆ ಅತ್ತಿಗೆಯ ಭಾಷೆ ಹಿಂದಿಯಲ್ಲ, ಭೋಜಪುರಿ. ಜನಗಣತಿಯಲ್ಲಿ ಅದನ್ನು ಹಿಂದಿಯ ಲೆಕ್ಕಕ್ಕೇ ಸೇರಿಸುತ್ತಾರೆ, ನಮ್ಮ ಹವಿಗನ್ನಡ ಕನ್ನಡದ ಲೆಕ್ಕದಲ್ಲಿ ಕರಗುವ ಹಾಗೆ. ಅವಳ ಊರಿನ ಶಾಲೆಯಲ್ಲೂ ಮನೆಮಾತು ಆಡಿದರೆ ಮೇಷ್ಟ್ರು ಹಳ್ಳಿಗುಗ್ಗು ಅನ್ನುತ್ತಿದ್ದರಂತೆ. ಅವರಲ್ಲೂ ಮಗು ಹುಟ್ಟಿದಾಗ ಹೆಂಗಸರು ಕೂತು ಹಾಡುವ ಹಾಡುಗಳಿವೆ, ಸೋಹರ್ ಅಂತ. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ, ಮಕ್ಕಳ ಹಾಡು ಬಲ್ಲ ಇಬ್ಬರು ಹೆಂಗಸರಿದ್ದಾರೆ. ಇಬ್ಬರ ಭಾಷೆಯೂ ಪಠ್ಯಪುಸ್ತಕಕ್ಕೆ ಬಂದಿಲ್ಲ, ಇಬ್ಬರಿಗೂ ತಮ್ಮದು ತಮ್ಮೊಂದಿಗೇ ಮುಗಿಯುತ್ತದೆ ಎಂಬ ಚಿಂತೆ. ಅವರ ನಡುವೆ ಇರುವ ಮಗು ಒಂದೇ. ಆ ಮಗುವಿಗೆ ಎರಡೂ ಬರುತ್ತಿದೆ, ಒಂದನ್ನು ಮಾತ್ರ ಆಡಲು ಬಿಟ್ಟಿದ್ದೇವೆ.

ಹಬ್ಬ ಮುಗಿಸಿ ಹೊರಡುವ ಹಿಂದಿನ ರಾತ್ರಿ ದೊಡ್ಡಮ್ಮನ ಹತ್ತಿರ ಕೂತು ಹೇಳಿದೆ. ಜಗಲಿಯಲ್ಲಲ್ಲ, ಅಡುಗೆಮನೆಯಲ್ಲಿ. ಸಿನಿಮಾದ ನಾರ್ವೆ ಹೆಂಗಸರಿಗೂ ನಮಗೂ ವ್ಯತ್ಯಾಸ ಏನು ಅಂತ ಕೇಳಿದೆ. ಕೇಳಿದ ರೀತಿ ಒರಟಾಯಿತೇನೋ. ಅವಳು ಒಲೆಯ ಕೆಂಡ ಕೆದಕುತ್ತಾ ಬಹಳ ಹೊತ್ತು ಸುಮ್ಮನಿದ್ದು, "ನೀ ಇಲ್ಲೇ ಇದ್ದಿದ್ರೆ ಎಂಗೆ ಈ ಹೆದರಿಕೆನೇ ಇರ್ತಿತ್ತಿಲ್ಲೆ" ಅಂದಳು. ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಊರು ಬಿಟ್ಟವರು ಊರಿಗೆ ಬುದ್ಧಿ ಹೇಳುವಾಗ ಇಷ್ಟು ಕೇಳಿಸಿಕೊಳ್ಳಲೇಬೇಕು.

ಬುದ್ಧಿ ಹೇಳುವ ಬದಲು ನಾನೇ ಒಂದು ಹೆಜ್ಜೆ ದಾಟಿದರಾಯಿತು ಅಂತ, ವಾರಕ್ಕೊಮ್ಮೆ ಅತ್ತಿಗೆಗೆ ಫೋನ್ ಮಾಡಿ ಭೋಜಪುರಿ ಕಲಿಯುತ್ತಿದ್ದೇನೆ. ನಲವತ್ತು ಶಬ್ದ ಬಂದಿದೆ. ಫೋನ್ ಎತ್ತಿದ ಕೂಡಲೇ "ಕಾ ಹಾಲ್ ಬಾ" ಅನ್ನುತ್ತೇನೆ. ನನ್ನ ಉಚ್ಚಾರಕ್ಕೆ ಅಮ್ಮ ಮಗಳು ಇಬ್ಬರೂ ಬಿದ್ದು ಬಿದ್ದು ನಗುತ್ತಾರೆ. ನನ್ನ ಮಗಳೂ ಪಕ್ಕದಲ್ಲಿ ಕೂತು ಕೇಳುತ್ತಾಳೆ. ಅವಳಿಗೆ 'ಬಬುನಿ' ಅನ್ನಿಸಿಕೊಳ್ಳುವುದು ಬಹಳ ಇಷ್ಟ.

ಮೊನ್ನೆ ಭಾನುವಾರ ಮಾತಾಡುವಾಗ ಮಧ್ಯೆ ಮಧ್ಯೆ ದನದ ಕೊರಳಿನ ಗಂಟೆ ಕೇಳಿಸುತ್ತಿತ್ತು. ಅಂದರೆ ಅತ್ತಿಗೆ ಇನ್ನೂ ಕೊಟ್ಟಿಗೆಯಿಂದಲೇ ಮಾತಾಡುತ್ತಿದ್ದಾಳೆ.